ಚೀಟಿಯ ಮೇಲಿಟ್ಟ ಕೈಗಡಿಯಾರ

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಮಲೆನಾಡಿನ ಒಂದು ತಾಲ್ಲೂಕು ಊರು. ಹುಡುಗನಿಗೆ 17 ವರ್ಷ, ಸೆಕೆಂಡ್ ಪಿಯುಸಿ ಸೈನ್ಸ್. ತಂದೆಯದು ಅಡಿಕೆ ಮಂಡಿ. ಒಂದು ಸಂಜೆ ಟ್ಯೂಷನ್‌ಗೆ ಅಂತ ಹೊರಟವನು ರಾತ್ರಿಯಾದರೂ ಬರಲಿಲ್ಲ. ಮೇಜಿನ ಮೇಲೆ ಒಂದು ಚೀಟಿ, ಚೀಟಿಯ ಮೇಲೆ ಅವನ ಕೈಗಡಿಯಾರ. ಮರುದಿನ ಮಧ್ಯಾಹ್ನ ಶಿವಮೊಗ್ಗದಲ್ಲಿ ಗೆಳೆಯನ ರೂಮಿನಲ್ಲಿ ಸಿಕ್ಕಿದ. ಅದೇ ವಾರ ತಂದೆ ತಾಯಿ ಅವನನ್ನು ಕರೆದುಕೊಂಡು ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದರು.

ತಂದೆಗೆ ಮಗ ಹೋದದ್ದಕ್ಕಿಂತ ಆ ಗಡಿಯಾರವೇ ಜಾಸ್ತಿ ಚುಚ್ಚಿತ್ತು. ‘ಎಸ್ಸೆಸ್ಸೆಲ್ಸಿ ಪಾಸಾದಾಗ ನಾನೇ ಕೊಡಿಸಿದ್ದು ಮೇಡಂ. ಅದನ್ನೂ ಬಿಚ್ಚಿಟ್ಟು ಹೋಗ್ತಾನೆ ಅಂದ್ರೆ, ನಾನು ಅಷ್ಟು ಬೇಡವಾದ್ನಾ?’ ಅಂದರು. ಮಗ ತಲೆ ಎತ್ತಲಿಲ್ಲ.

ಮೊದಲು ಹುಡುಗನ ಜೊತೆ ಒಬ್ಬನೇ ಇದ್ದಾಗ ಮಾತಾಡಿದೆ. ನೀನು ಹೇಳಿದ್ದು ನನ್ನಲ್ಲೇ ಇರುತ್ತೆ, ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಮನೆಯವರಿಗೆ ತಿಳಿಸುತ್ತೇನೆ ಅಂದೆ. ಆಮೇಲೆ ನೇರವಾಗಿ ಕೇಳಿದೆ: ಮನೆಯಲ್ಲಿ ಹೊಡೆಯುತ್ತಾರಾ? ಸಾಯಬೇಕು ಅನ್ನಿಸಿತ್ತಾ? ಇಂಥ ಮಾತನ್ನು ಸುತ್ತಿ ಬಳಸಿ ಕೇಳಬಾರದು. ನೇರವಾಗಿ ಕೇಳಿದರೆ ಮಕ್ಕಳಿಗೆ ನಿರಾಳವೇ ಆಗುತ್ತದೆ. ಎರಡಕ್ಕೂ ಅವನು ಇಲ್ಲ ಅಂದ. ಹೊಡೆತ ಇದ್ದಿದ್ದರೆ ನಾನು ಅಪ್ಪ ಮಗನನ್ನು ಎದುರುಬದುರು ಕೂರಿಸುತ್ತಲೇ ಇರಲಿಲ್ಲ. ಆಗ ಮಗುವಿನ ರಕ್ಷಣೆ ಮೊದಲು. ಮಕ್ಕಳ ಸಹಾಯವಾಣಿ 1098 ಇರುವುದು ಅದಕ್ಕೇ. ಮನಸ್ಸು ತೀರಾ ಕುಸಿದಾಗ ಕರೆ ಮಾಡಲು ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಎರಡೂ ನಂಬರ್ ಅವನಿಗೆ ಬರೆದುಕೊಟ್ಟೆ.

ಗಡಿಯಾರ ಬಿಚ್ಚಿಟ್ಟು ಹೋಗುವ ಯೋಚನೆ ಎಲ್ಲಿಂದ ಬಂತು ಅಂತ ನನಗೆ ಆಗಲೇ ಅನುಮಾನ ಇತ್ತು. ‘ಉಡಾನ್ ನೋಡಿದ್ಯಾ?’ ಅಂದೆ. ಅವನ ಮುಖ ಕೆಂಪಾಯಿತು. ‘ತುಂಬಾ ಸಲ’ ಅಂದ.

2010ರ ಹಿಂದಿ ಸಿನಿಮಾ ಅದು, ವಿಕ್ರಮಾದಿತ್ಯ ಮೋಟ್ವಾನೆ ಅವರ ಮೊದಲ ಚಿತ್ರ. ಬೋರ್ಡಿಂಗ್ ಶಾಲೆಯಿಂದ ಹೊರಹಾಕಿಸಿಕೊಂಡ ರೋಹನ್ ಜಮ್ಶೆಡ್‌ಪುರದ ಮನೆಗೆ ವಾಪಸ್ ಬರುತ್ತಾನೆ. ಅವನಿಗೆ ಬರೆಯುವ ಆಸೆ. ಅಪ್ಪನಿಗೆ ಅವನು ಎಂಜಿನಿಯರಿಂಗ್ ಓದಬೇಕು, ತನ್ನ ಕಾರ್ಖಾನೆಯಲ್ಲಿ ದುಡಿಯಬೇಕು. ಆ ಮನೆಯಲ್ಲಿ ಅಪ್ಪನನ್ನು ‘ಸರ್’ ಅನ್ನಬೇಕು. ಹೊಡೆತಕ್ಕೂ ಬರ ಇಲ್ಲ. ಕೊನೆಗೆ ರೋಹನ್ ಪತ್ರ ಬರೆದಿಟ್ಟು, ಅಪ್ಪ ಕೊಟ್ಟ ಗಡಿಯಾರವನ್ನೂ ಬಿಟ್ಟು, ಪುಟ್ಟ ತಮ್ಮನ ಕೈ ಹಿಡಿದು ಹೊರಟು ಹೋಗುತ್ತಾನೆ.

ತಂದೆಗೆ ಇದು ಗೊತ್ತಾದಾಗ ‘ಹಾಗಾದ್ರೆ ಸಿನಿಮಾನೇ ಕೆಡಿಸ್ತು ಅನ್ನಿ’ ಅಂದರು. ನಾನು ಒಪ್ಪಲಿಲ್ಲ. ಈ ವಯಸ್ಸಿನಲ್ಲಿ ಒಳಗೆ ಕುದಿಯುವುದಕ್ಕೆ ಮಾತು ಸಿಗುವುದಿಲ್ಲ. ಎಲ್ಲೋ ಸಿಕ್ಕಿದ ಮಾತನ್ನು, ನಡೆಯನ್ನು ಎರವಲು ಪಡೆಯುತ್ತಾರೆ. ಹೊರಟು ಹೋದ ರೀತಿ ಸಿನಿಮಾದ್ದು, ಸಂಕಟ ಮಾತ್ರ ಅವನದೇ. ಹಾಗಾಗಿ ಹುಡುಗನಿಗೆ ಒಂದು ಕೆಲಸ ಕೊಟ್ಟೆ. ಹಾಳೆಯ ಮಧ್ಯೆ ಗೆರೆ ಎಳಿ, ಒಂದು ಕಡೆ ರೋಹನ್ ಮನೆಯಲ್ಲಿ ಏನಾಗುತ್ತದೆ ಬರಿ, ಇನ್ನೊಂದು ಕಡೆ ನಿಮ್ಮ ಮನೆಯಲ್ಲಿ ಏನಾಗುತ್ತದೆ ಬರಿ ಅಂದೆ.

ಆ ಹಾಳೆಯೇ ಈ ಪ್ರಕರಣದ ಮುಖ್ಯ ದಾಖಲೆ. ಎಡಗಡೆ ‘ಬೆಲ್ಟ್’, ‘ಸರ್ ಅನ್ನಬೇಕು’, ‘ಅಮ್ಮ ಇಲ್ಲ’ ಅಂತೆಲ್ಲ ಇತ್ತು. ಬಲಗಡೆ ತುಂಬಾ ಹೊತ್ತು ಖಾಲಿ. ಆಮೇಲೆ ಬರೆದ: ‘ಅಪ್ಪ ಹೊಡೆಯಲ್ಲ. ಊಟಕ್ಕೆ ಕೂತಾಗ ಮಾರ್ಕ್ಸ್ ಬಿಟ್ಟು ಬೇರೆ ಏನೂ ಕೇಳಲ್ಲ. ನನ್ನ ಸ್ಕ್ರಿಪ್ಟ್ ಕೆಮಿಸ್ಟ್ರಿ ರೆಕಾರ್ಡ್ ಹಿಂದೆ ಇತ್ತು. ನೋಡಿದ್ರು. ಸಿನಿಮಾ ಹುಚ್ಚು ಅಂತ ಮುಚ್ಚಿಟ್ರು. ಓದ್ಲಿಲ್ಲ.’ ಕೊನೆಯ ಪದದ ಕೆಳಗೆ ಎರಡು ಸಲ ಗೆರೆ ಎಳೆದಿದ್ದ.

ಅವನ ಅನುಮತಿ ಕೇಳಿ ಆ ಹಾಳೆಯನ್ನು ತಂದೆಗೆ ತೋರಿಸಿದೆ. ಅವರು ಓದಿ ಸುಮ್ಮನೆ ಕೂತರು. ಆಮೇಲೆ ‘ಸಿನಿಮಾದಲ್ಲಿ ಅನ್ನ ಹುಟ್ಟುತ್ತಾ ಮೇಡಂ?’ ಅಂದರು. ಇದು ದರ್ಪದ ಪ್ರಶ್ನೆ ಅಲ್ಲವೇ ಅಲ್ಲ, ಭಯದ ಪ್ರಶ್ನೆ. ಕೊಳೆರೋಗ, ರೇಟು ಏರುಪೇರು ನೋಡುತ್ತಲೇ ಬದುಕು ಕಟ್ಟಿದವರು ಮಗನಿಗೆ ತಿಂಗಳ ಸಂಬಳ ಬಯಸುವುದು ಸಹಜ ಅಲ್ವಾ? ಈ ಭಯವನ್ನು ಮಗನ ಎದುರೇ ಹೇಳಿ ಅಂದೆ. ಹೇಳಿದರು. ಅಪ್ಪನಿಗೂ ಹೆದರಿಕೆ ಇದೆ ಅನ್ನುವುದು ಹುಡುಗನಿಗೆ ಹೊಸ ಸುದ್ದಿ.

ಅನ್ನದ ಪ್ರಶ್ನೆಗೆ ಮಾಹಿತಿಯೇ ಉತ್ತರ. ಹೆಸರಘಟ್ಟದ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಛಾಯಾಗ್ರಹಣ, ಧ್ವನಿಗ್ರಹಣದ ಡಿಪ್ಲೊಮಾ ಇದೆ. ಹೆಗ್ಗೋಡಿನ ನೀನಾಸಂನಲ್ಲಿ 1980ರಿಂದ ರಂಗಶಿಕ್ಷಣ ನಡೆಯುತ್ತಿದೆ, ಒಂದು ವರ್ಷದ ಕೋರ್ಸು. ಪುಣೆಯ ರಾಷ್ಟ್ರಮಟ್ಟದ ಫಿಲ್ಮ್ ಇನ್‌ಸ್ಟಿಟ್ಯೂಟ್ ಎಫ್‌ಟಿಐಐನಲ್ಲಿ ನಿರ್ದೇಶನ ಕಲಿಯಬೇಕಾದರೆ ಮೊದಲು ಡಿಗ್ರಿ ಆಗಿರಬೇಕು. ಕೊನೆಯದನ್ನು ಕೇಳಿ ತಂದೆಗೆ ಸಮಾಧಾನವಾಯಿತು, ಹುಡುಗ ಸ್ವಲ್ಪ ಪೆಚ್ಚಾದ. ‘ಉಡಾನ್’ ಮಾಡುವ ಮೊದಲು ಮೋಟ್ವಾನೆ ಅವರೂ ಸಂಜಯ್ ಲೀಲಾ ಬನ್ಸಾಲಿ ಹತ್ತಿರ ಸಹಾಯಕರಾಗಿ ದುಡಿದಿದ್ದರು ಅಂತ ಅವನಿಗೆ ನೆನಪಿಸಿದೆ.

ತಂದೆಗೆ ನಾನು ಕೊಟ್ಟ ಸಲಹೆ ಇಷ್ಟು. ಸ್ಕ್ರಿಪ್ಟನ್ನು ಪೂರ್ತಿ ಓದಿ. ಹೊಗಳಬೇಕಿಲ್ಲ, ಅದರ ಬಗ್ಗೆ ಒಂದು ಪ್ರಶ್ನೆ ಕೇಳಿ ಸಾಕು. ಊಟದ ಹೊತ್ತಲ್ಲಿ ಮಾರ್ಕ್ಸ್ ಮಾತು ಬೇಡ. ‘ಉಡಾನ್’ ಅನ್ನು ಮಗನ ಪಕ್ಕ ಕೂತು ನೋಡಿ, ಮಧ್ಯೆ ಎದ್ದು ಹೋಗಬೇಡಿ.

ಹುಡುಗನಿಗೆ ಹೇಳಿದ್ದು ಇನ್ನೂ ಖಡಕ್ ಆಗಿತ್ತು. ರೋಹನ್‌ಗೆ ಬೇರೆ ದಾರಿ ಉಳಿದಿರಲಿಲ್ಲ, ನಿನಗೆ ಇದೆ. ಸಿಟ್ಟು ಬಂದರೆ ಸಿಟ್ಟು ಅಂತ ಹೇಳು, ಮಾಯವಾಗಬೇಡ. ಆ ರಾತ್ರಿ ನಿನ್ನಮ್ಮ ಬಸ್ ಸ್ಟ್ಯಾಂಡ್‌ನಲ್ಲಿ ನಿಂತಿದ್ದರು, ಅದನ್ನು ನೀನು ತಿಳಿದಿರಬೇಕು. ಪಿಯು ಪರೀಕ್ಷೆ ಬರಿ, ಯಾವ ಕೋರ್ಸಿಗೆ ಹೋದರೂ ಆ ಅಂಕಪಟ್ಟಿ ಕೆಲಸಕ್ಕೆ ಬರುತ್ತೆ. ಭಾನುವಾರ ಬೆಳಗ್ಗೆ ಬರವಣಿಗೆಗೆ ಅಂತ ಮನೆಯವರೆಲ್ಲ ಒಪ್ಪಿದರು.

ತಾಯಿಯ ಬಗ್ಗೆ ಒಂದು ಮಾತು. ಇಷ್ಟು ದಿನ ಅಪ್ಪ ಮಗನ ನಡುವೆ ಮಾತು ಸಾಗಿಸಿದ್ದೆಲ್ಲ ಅವರೇ. ‘ಅಪ್ಪಂಗೆ ಹೇಳು’, ‘ಅವನಿಗೆ ಹೇಳು’. ಎರಡೂ ಕಡೆಯ ಸಿಟ್ಟು ಮೊದಲು ಬಂದು ಬೀಳುತ್ತಿದ್ದದ್ದು ಅವರ ಮೇಲೆ. ಇನ್ನು ಮೇಲೆ ‘ನೀನೇ ಹೋಗಿ ಹೇಳು’ ಅನ್ನಿ ಅಂದೆ. ಸಲಹೆ ಸಣ್ಣದು, ಪಾಲಿಸುವುದು ಅವರಿಗೆ ಎಲ್ಲರಿಗಿಂತ ಕಷ್ಟವಾಯಿತು.

ಆಮೇಲಿನ ಭೇಟಿಯಲ್ಲಿ ತಂದೆ ಸ್ಕ್ರಿಪ್ಟ್ ಓದಿಕೊಂಡು ಬಂದಿದ್ದರು. ಅಡಿಕೆ ಮಂಡಿಯ ಒಬ್ಬ ಹಮಾಲಿಯ ಕತೆ ಅದು. ‘ರಾಶಿ ಅಡಿಕೆ ಅಂತ ಬರ್ದು ಸರಕಿನ ರೇಟ್ ಹಾಕಿದಾನೆ. ಇಷ್ಟು ವರ್ಷ ಮಂಡಿ ನೋಡಿ ಇದೇನಾ ಕಲ್ತಿದ್ದು?’ ಅಂದರು. ರಾಶಿ, ಸರಕು ಎರಡೂ ಅಡಿಕೆಯ ಬೇರೆ ಬೇರೆ ಬಗೆ, ರೇಟೂ ಬೇರೆ. ಹುಡುಗ ಅಲ್ಲೇ ಪೆನ್ ತೆಗೆದು ತಿದ್ದಿಕೊಂಡ. ಹಮಾಲಿಗಳ ಕೂಲಿ ಲೆಕ್ಕ ಹೇಗೆ ಅಂತಲೂ ಕೇಳಿದ. ಇಬ್ಬರ ಮಾತು ನನ್ನ ಕೋಣೆಯಲ್ಲೇ ಬಹಳ ಹೊತ್ತು ನಡೆಯಿತು.

ಎಲ್ಲ ಬಗೆಹರಿದಿದೆ ಅಂತ ಹೇಳಲಾರೆ. ತಂದೆ ಇನ್ನೂ ‘ಮೊದಲು ಡಿಗ್ರಿ’ ಅನ್ನುತ್ತಾರೆ, ಮಗನ ಕಣ್ಣು ಹೆಸರಘಟ್ಟದ ಮೇಲಿದೆ. ಸಿಇಟಿಗೆ ಅರ್ಜಿ ಹಾಕಿದ್ದಾನೆ. ರಿಸಲ್ಟ್ ಬಂದ ಮೇಲೆ ಅಪ್ಪ ಮಗ ಇಬ್ಬರೂ ಹೆಸರಘಟ್ಟಕ್ಕೆ ಹೋಗಿ ನೋಡಿಕೊಂಡು ಬಂದು, ಆಮೇಲೆ ನನ್ನ ಹತ್ತಿರ ಮಾತಿಗೆ ಕೂರುವುದು ಅಂತ ನಿರ್ಧಾರವಾಗಿದೆ.