ಐಚ್ಛಿಕ ಇಂಗ್ಲಿಷ್ ತೆಗೆದುಕೊಳ್ಳಲಿ ಬಿಡಿ

ಹಾವೇರಿ ಜಿಲ್ಲೆಯಿಂದ ಕಿರಾಣಿ ಅಂಗಡಿಯ ಮಾಲೀಕರೊಬ್ಬರು ಬರೆದಿದ್ದಾರೆ: "ಮಗಳು ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿದ್ದಾಳೆ. ಬಿ.ಕಾಂ. ಸೇರು ಎಂದರೆ ಕೇಳುತ್ತಿಲ್ಲ, ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷೇ ಬೇಕಂತೆ. ಅವಳು ಕಥೆ ಬರೆಯುವುದು ಕನ್ನಡದಲ್ಲಿ. ಅದಕ್ಕೆ ಇಂಗ್ಲಿಷ್ ಸಾಹಿತ್ಯ ಏಕೆ? ನಿಭಾಯಿಸಲು ಅವಳಿಂದ ಆದೀತೇ? ನಾಳೆ ಅನ್ನಕ್ಕೆ ದಾರಿಯೇನು?"

ಮಾನ್ಯರೇ,

ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಎಂದು ಪತ್ರ ಓದಿದರೆ ತಿಳಿಯುತ್ತದೆ. ಮೂರು ವರ್ಷದ ಬಿ.ಎ. ಮುಗಿದ ಕೂಡಲೇ ಕೆಲಸ ಸಿಗುತ್ತದೆ ಎಂದು ನಾನು ಹೇಳಲಾರೆ. ಮುಂದೆ ಬಿ.ಎಡ್. ಮಾಡಿದರೆ ಹೈಸ್ಕೂಲಿನ ದಾರಿಯಿದೆ. ಎಂ.ಎ.ಯಲ್ಲಿ ಶೇ 55 ಅಂಕ ಪಡೆದು ಅಧ್ಯಾಪಕರಾಗಲು ಬೇಕಾದ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಪಾಸು ಮಾಡಿದರೆ ಪದವಿ ಕಾಲೇಜಿನ ಹುದ್ದೆಗೆ ಅರ್ಜಿ ಹಾಕಬಹುದು. ಅರ್ಹತೆಯಿದ್ದೂ ವರ್ಷಗಟ್ಟಲೆ ಅತಿಥಿ ಉಪನ್ಯಾಸಕರಾಗಿಯೇ ಉಳಿದವರು ಬಹಳ ಮಂದಿ ಇದ್ದಾರೆ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಎರಡು ಭಾಷೆಗಳಲ್ಲಿ ತಪ್ಪಿಲ್ಲದೆ, ಸ್ಪಷ್ಟವಾಗಿ ಬರೆಯಬಲ್ಲವರು ಪತ್ರಿಕೆಗೆ, ಪ್ರಕಾಶಕರಿಗೆ, ಅನುವಾದಕ್ಕೆ ಸಿಗುತ್ತಿಲ್ಲ. ಸಂಪಾದಕನ ಈ ಕುರ್ಚಿಯಲ್ಲಿ ಕುಳಿತು ಅಂಥವರನ್ನು ಹುಡುಕುವವನು ನಾನು, ಅನುಭವದಿಂದಲೇ ಹೇಳುತ್ತಿದ್ದೇನೆ.

ಇನ್ನು ಕನ್ನಡ ಮಾಧ್ಯಮದ ಅಂಜಿಕೆ. ನಾನೂ ಕನ್ನಡ ಮಾಧ್ಯಮದಿಂದಲೇ ಬಂದು ಐಚ್ಛಿಕ ಇಂಗ್ಲಿಷ್ ಓದಿದವನು. ನಮ್ಮ ಕಾಲೇಜಿನಲ್ಲಿ ನೋಟ್ಸ್ ಬರೆಸುತ್ತಿದ್ದರು, ನಾವು ಬಾಯಿಪಾಠ ಮಾಡುತ್ತಿದ್ದೆವು. ಷೇಕ್ಸ್‌ಪಿಯರನ ಒಂದು ನಾಟಕವನ್ನೂ ಪೂರ್ತಿ ಓದದೆ, ಗೈಡು ನಂಬಿ ಪ್ರಥಮ ದರ್ಜೆಯಲ್ಲಿ ಪಾಸಾದೆ. ಆ ಮೂರು ವರ್ಷಗಳ ಬಗ್ಗೆ ಇಂದಿಗೂ ನನಗೆ ನೋವಿದೆ. ಪದವಿಯ ನಂತರ, ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಾಗ, ರಾತ್ರಿ ನಿಘಂಟು ಪಕ್ಕದಲ್ಲಿಟ್ಟುಕೊಂಡು 'ಮ್ಯಾಕ್‌ಬೆತ್' ಓದಲು ಕುಳಿತೆ. ದಿನಕ್ಕೆ ಹತ್ತು ಸಾಲೂ ಸಾಗುತ್ತಿರಲಿಲ್ಲ. ದೊರೆಯ ಕೊಲೆಯಾದ ಮೇಲೆ ಕೋಟೆಯ ಬಾಗಿಲು ಬಡಿಯುವ ಸದ್ದು ಕೇಳಿಸುತ್ತದಲ್ಲ, ಆ ಪುಟಕ್ಕೆ ಬಂದಾಗ ನಾನು ಬೆಚ್ಚಿ ನನ್ನ ಕೋಣೆಯ ಬಾಗಿಲನ್ನು ನೋಡಿದೆ. ಅರ್ಧಕ್ಕರ್ಧ ಪದಗಳು ತಿಳಿಯದವನಿಗೂ ಆ ಭಯ ತಲುಪಿತ್ತು. ನಿಮ್ಮ ಮಗಳು ಹಾಗೆ ನಿಧಾನವಾಗಿ ಓದಲು ಸಿದ್ಧಳಿದ್ದರೆ ಮಾಧ್ಯಮ ಅಡ್ಡಿಯಾಗದು.

ಕನ್ನಡದ ಕಥೆಗಾರ್ತಿಗೆ ಇಂಗ್ಲಿಷ್ ಸಾಹಿತ್ಯ ಏಕೆ ಎಂದು ಕೇಳಿದ್ದೀರಿ. ನಮ್ಮ ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದ ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರು. 1926ರ 'ಇಂಗ್ಲಿಷ್ ಗೀತಗಳು' ಹಳೆಯ ಪ್ರಾಸದ ಕಟ್ಟು ಸಡಿಲಿಸಿ, ಆಡುಮಾತಿಗೆ ಹತ್ತಿರದ ಕನ್ನಡದಲ್ಲಿ ಹಾಡಿತು. ಅಡಿಗರು, ಲಂಕೇಶರು ಇಬ್ಬರೂ ಇಂಗ್ಲಿಷ್ ಕಲಿಸುತ್ತಿದ್ದರು. ಅನಂತಮೂರ್ತಿಯವರು ಇಂಗ್ಲಿಷ್ ಸಾಹಿತ್ಯದಲ್ಲಿ ಸಂಶೋಧನೆಗೆಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋದರು. ಮಲೆನಾಡಿನ ಅಗ್ರಹಾರದ ಕಥೆ 'ಸಂಸ್ಕಾರ'ವನ್ನು ಬರೆದದ್ದು ಅಲ್ಲಿ ಕುಳಿತು. ದೂರ ನಿಂತಾಗ ತನ್ನ ಕೇರಿ ಅಷ್ಟು ನಿಚ್ಚಳವಾಗಿ ಕಂಡಿತು ಎಂದು ನಾನು ತಿಳಿದಿದ್ದೇನೆ.

ನೈಜೀರಿಯಾದ ಕಾದಂಬರಿಕಾರ ಚಿನುವ ಅಚಿಬೆಯ ವಿಷಯವನ್ನೂ ನಿಮಗೆ ಹೇಳಬೇಕು. 1948ರಲ್ಲಿ ಇಬಾದಾನ್ ಕಾಲೇಜಿಗೆ ವೈದ್ಯಕೀಯ ಓದಲು ವಿದ್ಯಾರ್ಥಿವೇತನದ ಮೇಲೆ ಸೇರಿದ ಹುಡುಗ, ಒಂದು ವರ್ಷಕ್ಕೇ ಅದನ್ನು ಬಿಟ್ಟು ಇಂಗ್ಲಿಷ್ ಸಾಹಿತ್ಯಕ್ಕೆ ಬಂದ. ವಿದ್ಯಾರ್ಥಿವೇತನ ಹೋಯಿತು, ಅಣ್ಣ ನೆರವಾದ. ತರಗತಿಯಲ್ಲಿ ಓದಿದ ಇಂಗ್ಲಿಷ್ ಕಾದಂಬರಿಯಲ್ಲಿ ತನ್ನ ಜನರ ಚಿತ್ರ ಕಂಡು ಅವನಿಗೆ ಸಿಟ್ಟು ಬಂತು, ತನ್ನವರ ಕಥೆಯನ್ನು ತಾನೇ ಬರೆದ. ಆ ಅಣ್ಣನನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ನಿಮ್ಮ ಮನೆಯಲ್ಲಿ ಈಗ ಅವನ ಜಾಗದಲ್ಲಿರುವವರು ನೀವು.

ಒಂದು ಎಚ್ಚರ ಇರಲಿ. ನಮ್ಮ ಬಿ.ಎ. ಸಾಹಿತ್ಯದ ಬಗ್ಗೆ ಉತ್ತರ ಬರೆಯಲು ಕಲಿಸುತ್ತದೆ, ಬರವಣಿಗೆಯನ್ನು ಕಲಿಸುವುದು ಕಡಿಮೆ. ವಾರಕ್ಕೊಮ್ಮೆ ತಾನು ಓದಿದ್ದರ ಬಗ್ಗೆ ಗೈಡು ಮುಟ್ಟದೆ ಒಂದು ಪುಟ ಬರೆಯಲಿ. ಕನ್ನಡದ ಒಂದು ಪುಟವನ್ನು ಇಂಗ್ಲಿಷಿಗೆ ತರಲಿ. ತಾನು ಬಲ್ಲೆನೆಂದುಕೊಂಡ ಕನ್ನಡದ ಪದ ಎಷ್ಟು ಆಳ ಎಂದು ಆಗ ತಿಳಿಯುತ್ತದೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಬಹುಮಾನದ ಹಣದಲ್ಲಿ ಅನುವಾದಕಿ ದೀಪಾ ಭಾಸ್ತಿಯವರಿಗೂ ಸಮಪಾಲು ಸಂದಿತು. ವಚನ, ಕುಮಾರವ್ಯಾಸ, ಕುವೆಂಪು ಇವರನ್ನು ಮಾತ್ರ ಬದಿಗಿಡುವುದು ಬೇಡ.

ಅರ್ಜಿ ಹಾಕುವ ಮೊದಲು ಅಂಗಡಿಗೆ ಒಂದು ದಿನ ಬಿಡುವು ಕೊಟ್ಟು, ಮಗಳ ಜೊತೆ ಕಾಲೇಜಿಗೆ ನೀವೇ ಹೋಗಿ. ಐಚ್ಛಿಕ ಇಂಗ್ಲಿಷಿಗೆ ಕಾಯಂ ಅಧ್ಯಾಪಕರು ಇದ್ದಾರೆಯೇ, ಗ್ರಂಥಾಲಯದಲ್ಲಿ ಮೂಲ ಕೃತಿಗಳಿವೆಯೇ, ಅವನ್ನು ಮನೆಗೆ ಕೊಡುತ್ತಾರೆಯೇ ಎಂದು ಕೇಳಿ. ಬರುವಾಗ ಪೇಟೆಯಲ್ಲಿ ಒಂದು ಒಳ್ಳೆಯ ಇಂಗ್ಲಿಷ್–ಕನ್ನಡ ನಿಘಂಟು ಕೊಡಿಸಿ.

– ಸಂಪಾದಕ