ಐಸಿಯುನಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಆಗಿದ್ದೇನೆ. ಕೆಲಸ ಬಿಟ್ಟು ಕ್ರಿಟಿಕಲ್ ಕೇರ್ ಬೋರ್ಡ್ ಪರೀಕ್ಷೆಗೆ ಓದಲಾ?

ಬೇಡ. ಕೆಲಸ ಬಿಡಬೇಡಿ.

ಫಾರ್ಮ್ ಡಿ (ಫಾರ್ಮಸಿಯ ಡಾಕ್ಟರೇಟ್ ಪದವಿ) ಮುಗಿಸಿ ಒಂದೂವರೆ ವರ್ಷ ಆಯ್ತು, ಡ್ಯೂಟಿಯಿಂದ ಬಂದರೆ ಓದಲು ಆಗುತ್ತಿಲ್ಲ, ಹೆಸರಿನ ಮುಂದೆ ಒಂದು ಸರ್ಟಿಫಿಕೇಟ್ ಇಲ್ಲದಿದ್ದರೆ ಡಾಕ್ಟರುಗಳು ನಮ್ಮ ಮಾತು ಕೇಳುವುದಿಲ್ಲ ಅಂತ ಬರೆದಿದ್ದೀರಿ. ಆ ಕೊನೆಯ ಸಾಲು ಓದಿ ಮೊದಲು ನಗು ಬಂತು. ಆಮೇಲೆ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು. ಇದೇ ಮಾತನ್ನು ನಾನು ಪಿಜಿಯ ಟೆರೇಸಿನಲ್ಲಿ ನಿಂತು ರೂಮ್‌ಮೇಟ್‌ಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ನಮ್ಮ ದೇಶದಲ್ಲಿ ಫಾರ್ಮ್ ಡಿ ಶುರುವಾಗಿದ್ದು 2008ರಲ್ಲಿ. ಆರು ವರ್ಷದ ಕೋರ್ಸ್. 2014ರಲ್ಲಿ ಹೊರಬಿದ್ದ ಮೊದಲ ಬ್ಯಾಚಿನಲ್ಲಿ ನಾನೂ ಒಬ್ಬ. ಆಗ ನಮ್ಮನ್ನು ಏನು ಮಾಡಬೇಕು ಅಂತ ಆಸ್ಪತ್ರೆಗಳಿಗೂ ಗೊತ್ತಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ. ಹಬ್ಬಕ್ಕೆ ಊರಿಗೆ ಹೋದರೆ ಮಾವ ಕೇಳುತ್ತಿದ್ದುದು ಒಂದೇ: 'ಮೆಡಿಕಲ್ ಶಾಪ್ ಯಾವಾಗ ಹಾಕ್ತೀಯೋ?' ಆಸ್ಪತ್ರೆಯಲ್ಲಿ ನಮ್ಮ ಕೆಲಸವೆಂದರೆ ಬೆಳಿಗ್ಗೆ ಪ್ರಿಸ್ಕ್ರಿಪ್ಷನ್ ಆಡಿಟ್, ಮಧ್ಯಾಹ್ನ ಆಂಟಿಬಯೋಟಿಕ್ ಫಾರ್ಮ್ ತುಂಬಿಸುವುದು, ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟದ ಮಾನ್ಯತೆ) ತಪಾಸಣೆ ಹತ್ತಿರ ಬಂದರೆ ರಾತ್ರಿ ಹನ್ನೊಂದರವರೆಗೆ ಫೈಲು ಜೋಡಿಸುವುದು. ನಡುವೆ ಎರಡು ಗಂಟೆ ಐಸಿಯು ರೌಂಡ್ಸ್.

ಆ ಎರಡು ಗಂಟೆಯಲ್ಲಿ ಹಿಂದೆ ನಿಲ್ಲುವುದು ಸಾಕಾಗಿತ್ತು. ಅಮೆರಿಕದ ಬೋರ್ಡ್ ಆಫ್ ಫಾರ್ಮಸಿ ಸ್ಪೆಷಾಲಿಟೀಸ್ 2013ರಲ್ಲಿ ಕ್ರಿಟಿಕಲ್ ಕೇರ್ ಫಾರ್ಮಸಿಯನ್ನು ಬೇರೆ ವಿಭಾಗ ಅಂತ ಒಪ್ಪಿತು, 2015ರಲ್ಲಿ ಮೊದಲ ಪರೀಕ್ಷೆ ನಡೆಯಿತು. ಪಾಸಾದವರಿಗೆ ಸಿಗುವ ಬಿರುದು ಬಿಸಿಸಿಸಿಪಿ. ಹೆಸರಿನ ಮುಂದೆ ಆ ಅಕ್ಷರಗಳು ಬಂದರೆ ಎಲ್ಲ ಸರಿಹೋಗುತ್ತದೆ ಅಂತ ನಂಬಿದೆ. ಆನ್‌ಲೈನ್ ಕೋಚಿಂಗ್‌ಗೆ ದುಡ್ಡು ಕಟ್ಟಿದೆ. ಭಾನುವಾರ ಮಾಕ್ ಟೆಸ್ಟ್. ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ ಡೋಸ್ ಟೇಬಲ್ ಬಾಯಿಪಾಠ. ಗಂಟೆಗಟ್ಟಲೆ ಓದಿದ್ದು ವ್ಯರ್ಥ ಅನ್ನುತ್ತಿಲ್ಲ. ಆದರೆ ಆ ಓದು ನನ್ನನ್ನು ಒಂದು ಕಡೆ ಹೇಗೆ ಬೀಳಿಸಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಒಂದು ಶುಕ್ರವಾರ. 58 ವರ್ಷದ ಗಂಡಸು, 70 ಕೆಜಿ, ಹಳ್ಳಿಯಿಂದ ಬಂದವರು. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಸೋಂಕು ರಕ್ತಕ್ಕೆ ಹೋಗಿತ್ತು. ಬಿಪಿ ನಿಲ್ಲುತ್ತಿರಲಿಲ್ಲ, ಅದನ್ನು ಎತ್ತಿ ಹಿಡಿಯಲು ನಾರ್‌ಅಡ್ರಿನಲಿನ್ ಹರಿಯುತ್ತಿತ್ತು. ಮಧ್ಯಾಹ್ನವೇ ಯೂರಾಲಜಿಯವರು ಡಿಜೆ ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಹಾಕಿ ಅಡ್ಡಿ ತೆಗೆದಿದ್ದರು. ಮೆರೋಪೆನಮ್ ಅನ್ನುವ ಆಂಟಿಬಯೋಟಿಕ್ 1 ಗ್ರಾಂ ಎಂಟು ಗಂಟೆಗೊಮ್ಮೆ ನಡೆಯುತ್ತಿತ್ತು. ಬೆಳಗಿನ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ, ರಕ್ತದಲ್ಲಿ ಹೆಚ್ಚಿದ್ದರೆ ಕಿಡ್ನಿ ಸೋತಿದೆ ಅಂತ) 3.2.

ನಾನು ಕ್ಯಾಲ್ಕುಲೇಟರ್ ತೆಗೆದೆ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಂದಾಜು ಮಾಡುವ ಕಾಕ್ರಾಫ್ಟ್-ಗಾಲ್ಟ್ ಸೂತ್ರ: 140ರಲ್ಲಿ ವಯಸ್ಸು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಬೇಕು. ಬಂದ ಉತ್ತರ 24.9. ಟೇಬಲ್‌ನಲ್ಲಿ 10ರಿಂದ 25ರ ಸಾಲು ನೋಡಿದರೆ 500 ಮಿ.ಗ್ರಾಂ, ಹನ್ನೆರಡು ಗಂಟೆಗೊಮ್ಮೆ. ಹಿಂದಿನ ವಾರದ ಮಾಕ್ ಟೆಸ್ಟಿನಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆ ಬಂದಿತ್ತು. ಡ್ಯೂಟಿ ಡಾಕ್ಟರ್ ಹತ್ತಿರ ಹೋಗಿ ಹೇಳಿದೆ. ಅವರು ನನಗಿಂತ ಚಿಕ್ಕವರು, ಆ ರಾತ್ರಿ ಹನ್ನೆರಡು ಬೆಡ್ ನೋಡಬೇಕಿತ್ತು. 'ಓಕೆ ಸಾರ್' ಅಂದು ಬದಲಾಯಿಸಿದರು. ನಾನು ಕೇಸ್ ಶೀಟಿನಲ್ಲಿ 'ಕಿಡ್ನಿಗೆ ತಕ್ಕಂತೆ ಡೋಸ್ ತಗ್ಗಿಸಲಾಗಿದೆ' ಅಂತ ಬರೆದು ಸಹಿ ಹಾಕಿದೆ. ಆ ತಿಂಗಳ ರಿಪೋರ್ಟಿಗೆ ಒಂದು ಇಂಟರ್ವೆನ್ಷನ್ (ನಾವು ಹೇಳಿ ಮಾಡಿಸಿದ ಬದಲಾವಣೆ) ಸಿಕ್ಕಿತು ಅಂತ ಖುಷಿಯೂ ಆಯಿತು.

ಶನಿವಾರ ಅರ್ಧ ದಿನ, ಅದೂ ಆಡಿಟ್‌ನಲ್ಲೇ ಹೋಯಿತು. ಭಾನುವಾರ ಮಾಕ್ ಟೆಸ್ಟ್. ಸೋಮವಾರ ರೌಂಡ್ಸ್‌ಗೆ ಹೋದರೆ ನಮ್ಮ ಇಂಟೆನ್ಸಿವಿಸ್ಟ್ (ಐಸಿಯು ತಜ್ಞ ವೈದ್ಯೆ) ಮೇಡಂ ಅದೇ ಬೆಡ್ ಮುಂದೆ ನಿಂತಿದ್ದರು. ಶನಿವಾರ ಇಳಿಯುತ್ತಿದ್ದ ನಾರ್‌ಅಡ್ರಿನಲಿನ್ ಭಾನುವಾರ ರಾತ್ರಿ ಮತ್ತೆ ಏರಿತ್ತು. ಜ್ವರ ಬಿಟ್ಟಿರಲಿಲ್ಲ. ಕಲ್ಚರ್ ರಿಪೋರ್ಟ್ ಬಂದಿತ್ತು: ಇ ಕೋಲೈ ಬ್ಯಾಕ್ಟೀರಿಯಾ, ಮೆರೋಪೆನಮ್‌ಗೆ ಬಗ್ಗುವಂಥದ್ದೇ. ಕ್ರಿಯಾಟಿನಿನ್ ಶನಿವಾರ 1.9 ಇದ್ದದ್ದು ಭಾನುವಾರವೇ 1.2ಕ್ಕೆ ಇಳಿದಿತ್ತು. ಅದೇ ಸೂತ್ರಕ್ಕೆ 1.2 ಹಾಕಿ ನೋಡಿ, 66 ಬರುತ್ತದೆ. ಅಂದರೆ ಪೂರ್ತಿ ಡೋಸ್ ಬೇಕಿದ್ದ ಮನುಷ್ಯನಿಗೆ ದಿನಕ್ಕೆ 3 ಗ್ರಾಂ ಬದಲು 1 ಗ್ರಾಂ ಹೋಗುತ್ತಿತ್ತು.

'ಯಾರು ಇದನ್ನ ಕಮ್ಮಿ ಮಾಡಿದ್ದು?' ಅಂದರು. ಕೇಸ್ ಶೀಟಿನಲ್ಲಿ ನನ್ನ ಸಹಿ ಇತ್ತು. ಲೆಕ್ಕ ತೋರಿಸಿದೆ. ಅವರು ಕೂಗಾಡಲಿಲ್ಲ. 'ಲೆಕ್ಕ ಸರಿ ಇದೆಯಪ್ಪ. ಆದರೆ ಇದು ಯಾವತ್ತಿನ ಕಿಡ್ನಿ?' ಅಂತ ಮಾತ್ರ ಕೇಳಿದರು.

ಈ ಪ್ರಶ್ನೆ ಅರ್ಥವಾಗಲು ನನಗೆ ವಾರವೇ ಹಿಡಿಯಿತು, ಆದ್ದರಿಂದ ನಿಮಗೆ ಹೇಳಿಬಿಡುತ್ತೇನೆ. ಅಡುಗೆಮನೆಯ ಸಿಂಕ್ ಕಟ್ಟಿಕೊಂಡಿದೆ ಅಂದುಕೊಳ್ಳಿ. ನೀರು ತುಂಬಿ ನಿಂತಿದೆ. ಕಡ್ಡಿ ಹಾಕಿ ಕಸ ತೆಗೆದಿರಿ. ಆ ಕ್ಷಣದಲ್ಲಿ ಯಾರೋ ಬಂದು ನೀರಿನ ಮಟ್ಟ ಮಾತ್ರ ನೋಡಿ 'ಸಿಂಕ್ ಕಟ್ಟಿದೆ' ಅಂದರೆ? ನೀರು ನಿಂತಿರುವುದು ನಿಜ, ಕಟ್ಟಿರುವುದು ಸುಳ್ಳು. ಕ್ರಿಯಾಟಿನಿನ್ ಅಂದರೆ ಆ ನೀರಿನ ಮಟ್ಟ. ಕಿಡ್ನಿ ಕೆಟ್ಟಾಗ ಅದು ತಡವಾಗಿ ಏರುತ್ತದೆ, ಕಿಡ್ನಿ ಸುಧಾರಿಸಿದಾಗ ತಡವಾಗಿ ಇಳಿಯುತ್ತದೆ. ಕಾಕ್ರಾಫ್ಟ್-ಗಾಲ್ಟ್ ಸೂತ್ರ ನಂಬುವುದು ಕ್ರಿಯಾಟಿನಿನ್ ಒಂದು ಮಟ್ಟದಲ್ಲಿ ನಿಂತಿದೆ ಅಂತ. ಐಸಿಯುನ ಮೊದಲ ಎರಡು ದಿನ ಏನೂ ನಿಂತಿರುವುದಿಲ್ಲ. ನನ್ನ ಪೇಷೆಂಟಿಗೆ ಮಧ್ಯಾಹ್ನವೇ ಕಲ್ಲಿನ ಅಡ್ಡಿ ತೆಗೆದಿದ್ದರು. ಸಂಜೆ ಮೂತ್ರದ ಚೀಲ ತುಂಬುತ್ತಿತ್ತು. ಬೆಡ್ ಪಕ್ಕದಲ್ಲೇ ನೇತಾಡುತ್ತಿತ್ತು ಉತ್ತರ. ನಾನು ನೋಡಿದ್ದು ಬೆಳಗಿನ ಲ್ಯಾಬ್ ರಿಪೋರ್ಟ್.

ಇನ್ನೂ ಎರಡು ವಿಷಯ ತಪ್ಪಿಸಿಕೊಂಡಿದ್ದೆ. ಸೆಪ್ಸಿಸ್ (ಸೋಂಕು ಮೈಯೆಲ್ಲ ಏರಿದ ಸ್ಥಿತಿ) ಪೇಷೆಂಟಿಗೆ ಲೀಟರ್‌ಗಟ್ಟಲೆ ಸಲೈನ್ ಹೋಗಿರುತ್ತದೆ, ಮೈಯಲ್ಲಿ ನೀರು ತುಂಬಿರುತ್ತದೆ. ಮೆರೋಪೆನಮ್ ನೀರಿನಲ್ಲಿ ಹರಡುವ ಔಷಧಿ, ಹಾಗಾಗಿ ಮೊದಲ ದಿನ ಅದು ಇನ್ನಷ್ಟು ತೆಳುವಾಗುತ್ತದೆ. ಜೊತೆಗೆ ಈ ಜಾತಿಯ ಆಂಟಿಬಯೋಟಿಕ್ ಕೆಲಸ ಮಾಡುವುದು ರಕ್ತದಲ್ಲಿ ಒಂದು ಮಟ್ಟಕ್ಕಿಂತ ಮೇಲೆ ಎಷ್ಟು ಹೊತ್ತು ಇರುತ್ತದೆ ಅನ್ನುವುದರ ಮೇಲೆ. ಅದಕ್ಕೇ ಈಗ ಅದನ್ನು ಮೂರು ಗಂಟೆ ನಿಧಾನಕ್ಕೆ ಹರಿಸುತ್ತಾರೆ. ಎರಡು ದಿನ ಸ್ವಲ್ಪ ಜಾಸ್ತಿ ಹೋದರೆ ಸಾಮಾನ್ಯವಾಗಿ ದೊಡ್ಡ ಅಪಾಯವಿಲ್ಲ. ಕಮ್ಮಿ ಹೋದರೆ ಇದೆ. ಹಾಗಂತ ಇದನ್ನು ವ್ಯಾಂಕೋಮೈಸಿನ್, ಅಮಿಕಾಸಿನ್‌ನಂಥ ಆಂಟಿಬಯೋಟಿಕ್‌ಗಳಿಗೆ ಅನ್ವಯಿಸಬೇಡಿ, ಅವು ಕಿಡ್ನಿಯನ್ನೇ ತಿನ್ನುತ್ತವೆ, ಅವುಗಳ ಲೆಕ್ಕ ಬೇರೆ. 2019ರಲ್ಲಿ ಒಂದು ಸಂಶೋಧನಾ ಲೇಖನ ಓದಿದೆ. ಸೋಂಕಿನಿಂದ ದಾಖಲಾದಾಗ ಕಿಡ್ನಿ ಪೆಟ್ಟು ತಿಂದಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ 48 ಗಂಟೆಯೊಳಗೆ ಅದು ಸರಿಹೋಗಿತ್ತು. ಡೋಸ್ ತಗ್ಗಿಸಲು ನಾವು ಅವಸರ ಮಾಡುತ್ತಿದ್ದೇವಾ ಅನ್ನುವುದೇ ಅವರ ಪ್ರಶ್ನೆ. ಓದಿ ಸುಮ್ಮನೆ ಕೂತುಬಿಟ್ಟೆ.

ಆ ಪೇಷೆಂಟ್ ಬದುಕಿದರು. ಆದರೆ ಅಂದುಕೊಂಡದ್ದಕ್ಕಿಂತ ಆರು ದಿನ ಜಾಸ್ತಿ ಐಸಿಯುನಲ್ಲಿದ್ದರು. ಅದೆಲ್ಲ ನನ್ನಿಂದಲೇ ಆಯಿತು ಅಂತ ಯಾರೂ ಹೇಳಲಾರರು, ಅಲ್ಲ ಅಂತಲೂ ಹೇಳಲಾರರು. ಅವರ ಮಗ ಬಿಲ್ಲಿಂಗ್ ಕೌಂಟರ್‌ನಲ್ಲಿ ನಿಂತು, ಹೆಂಡತಿಯ ಸರ ಅಡವಿಟ್ಟ ವಿಷಯ ಫೋನಿನಲ್ಲಿ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ನಾನು ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿದೆ.

ನೋಡಿ, ನಿಮ್ಮ ಚಿಂತೆ ಡಾಕ್ಟರುಗಳು ಮಾತು ಕೇಳುವುದಿಲ್ಲ ಅಂತ. ನನಗೆ ಪೆಟ್ಟು ಬಿದ್ದದ್ದು ಅವರು ಕೇಳಿದ್ದರಿಂದ. ಅವರು ಕೇಳುತ್ತಾರೆ. ಒಂದು ನಂಬರ್ ಹಿಡಿದು ಧೈರ್ಯವಾಗಿ ಹೇಳಿದರೆ ನಡುರಾತ್ರಿಯಲ್ಲಿ ಯಾರು ಬೇಕಾದರೂ ಕೇಳುತ್ತಾರೆ. ಹೇಳಿದ ಮೇಲೆ ಮರುದಿನ ವಾಪಸ್ ಹೋಗಿ ನೋಡುತ್ತೀರಾ ಅನ್ನುವುದಷ್ಟೇ ಪ್ರಶ್ನೆ. ನಾನು ಶುಕ್ರವಾರ ಮಾಡಿದ್ದು ಅರ್ಧ ತಪ್ಪು. ಶನಿವಾರ ಹೋಗದೇ ಇದ್ದದ್ದು ಪೂರ್ತಿ ತಪ್ಪು.

ಆಮೇಲೆ ಐದು ತಿಂಗಳು ನನ್ನನ್ನು ರೌಂಡ್ಸ್‌ನಿಂದ ಎತ್ತಿ ಆಡಿಟ್ ಟೇಬಲ್‌ಗೆ ಹಾಕಿದರು. ಇಲ್ಲೇ ಎರಡನೇ ಏಟು. ಬೋರ್ಡ್ ಪರೀಕ್ಷೆಗೆ ಕೂರಲು ರೆಸಿಡೆನ್ಸಿ (ಪದವಿಯ ನಂತರದ ಆಸ್ಪತ್ರೆ ತರಬೇತಿ) ಮಾಡದ ನಮ್ಮಂಥವರಿಗೆ ಲೈಸೆನ್ಸ್ ಆದಮೇಲೆ ನಾಲ್ಕು ವರ್ಷದ ಅನುಭವ ಬೇಕಿತ್ತು, ಅದರಲ್ಲಿ ಕನಿಷ್ಠ ಅರ್ಧ ಸಮಯ ಕ್ರಿಟಿಕಲ್ ಕೇರ್‌ನಲ್ಲೇ ಕಳೆದಿರಬೇಕಿತ್ತು. ನಾನು ಅರ್ಜಿ ಹಾಕುವಾಗ ಇದ್ದ ನಿಯಮ ಇದು, ನೀವು ಹಾಕುವ ವರ್ಷದ್ದನ್ನು ಅವರ ಕೈಪಿಡಿಯಲ್ಲೇ ನೋಡಿಕೊಳ್ಳಿ. ಕೂತು ಲೆಕ್ಕ ಹಾಕಿದರೆ ನನ್ನ ದಿನದ ಎರಡು ಗಂಟೆ ರೌಂಡ್ಸ್ ಅರ್ಧದ ಹತ್ತಿರವೂ ಬರುತ್ತಿರಲಿಲ್ಲ. ಕೋಚಿಂಗ್‌ಗೆ ದುಡ್ಡು ಕಟ್ಟುವ ಮೊದಲು ಈ ಸಾಲನ್ನು ಓದೇ ಇರಲಿಲ್ಲ. ನೀವು ಓದಿದ್ದೀರಾ? ಒಂದೂವರೆ ವರ್ಷದ ಅನುಭವಕ್ಕೆ ಕೆಲಸ ಬಿಟ್ಟರೆ ಪರೀಕ್ಷೆ ಹತ್ತಿರ ಬರುವುದಿಲ್ಲ, ದೂರ ಹೋಗುತ್ತದೆ.

ಇನ್ನು ಸರ್ಟಿಫಿಕೇಟ್ ಬಂದಮೇಲೆ ಬೆಲೆ ಬರುತ್ತದೆ ಅನ್ನುವ ಮಾತು. 1999ರಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಿಂದ ಒಂದು ಅಧ್ಯಯನ ಹೊರಬಂತು. ಐಸಿಯು ರೌಂಡ್ಸ್‌ನಲ್ಲಿ ಒಬ್ಬ ಫಾರ್ಮಸಿಸ್ಟ್ ಜೊತೆಗಿದ್ದರೆ, ಔಷಧಿ ಬರೆಯುವಲ್ಲಿನ ತಪ್ಪುಗಳಿಂದ ಆಗುವ, ತಡೆಯಬಹುದಾದ ಹಾನಿ ಸಾವಿರ ಪೇಷೆಂಟ್ ದಿನಗಳಿಗೆ 10.4ರಿಂದ 3.5ಕ್ಕೆ ಇಳಿಯಿತು. ನಮ್ಮ ಕೆಲಸಕ್ಕೆ ಬೆಲೆ ಇದೆ ಅಂತ ಇವತ್ತಿಗೂ ಎಲ್ಲರೂ ತೋರಿಸುವುದು ಇದನ್ನೇ. ಕ್ರಿಟಿಕಲ್ ಕೇರ್ ಸರ್ಟಿಫಿಕೇಟ್ ಆಗ ಹುಟ್ಟಿಯೇ ಇರಲಿಲ್ಲ! ಆ ಫಾರ್ಮಸಿಸ್ಟ್ ಬೆಳಿಗ್ಗೆ ಬೆಡ್ ಹತ್ತಿರ ನಿಂತಿದ್ದರು, ಉಳಿದ ಹೊತ್ತು ಕರೆದರೆ ಸಿಗುತ್ತಿದ್ದರು. ಅಷ್ಟೇ ಮಾಡಿದ್ದು.

ನಾನು ಕೊನೆಗೆ ಪರೀಕ್ಷೆ ಬರೆದೆ, ಪಾಸಾದೆ. ಸಂಬಳ ಒಂದು ರೂಪಾಯಿ ಏರಲಿಲ್ಲ. ಐಡಿ ಕಾರ್ಡಿನಲ್ಲಿ ಹಾಕಿಕೊಡಿ ಅಂದರೆ ಎಚ್‌ಆರ್‌ನವರು ಜಾಗ ಇಲ್ಲ ಅಂದರು. ಏಳು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು, ಅದರ ಖರ್ಚು ನಮ್ಮದೇ. ಗಲ್ಫ್‌ಗೆ ಹೋಗುವ ಮನಸ್ಸಿದ್ದರೆ ಅದರಿಂದ ಉಪಯೋಗವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಪಿಎಚ್‌ಡಿ ಬಗ್ಗೆಯೂ ಕೇಳಿದ್ದೀರಿ. ಪಾಠ ಮಾಡುವ ಆಸೆಯಿದ್ದರೆ ಮಾಡಿ. ಬೆಡ್ ಪಕ್ಕ ಇರಬೇಕು ಅಂದರೆ ಬೇಡ.

ಅಮೆರಿಕದ ಪುಸ್ತಕದಲ್ಲಿ ಸಿಗದ ಪಾಠಗಳು ನಿಮ್ಮ ಐಸಿಯುನಲ್ಲೇ ಬಿದ್ದಿವೆ. ಕೀಟನಾಶಕ ಕುಡಿದು ಬಂದವರನ್ನು ನೋಡಿರುತ್ತೀರಿ. ಅವರಿಗೆ ಕೊಡುವ ಮದ್ದು ಅಟ್ರೋಪಿನ್, ನಮ್ಮಲ್ಲಿ ಅದರ ಆಂಪೂಲ್ 0.6 ಮಿ.ಗ್ರಾಂ. ಐದೈದು ನಿಮಿಷಕ್ಕೆ ಡೋಸ್ ದುಪ್ಪಟ್ಟು ಮಾಡುತ್ತಾ ಹೋದರೆ ಒಂದೇ ರಾತ್ರಿಗೆ ಎಷ್ಟು ಆಂಪೂಲ್ ಬೇಕು, ಸ್ಟೋರ್‌ನಲ್ಲಿ ಎಷ್ಟಿದೆ, ಯಾರು ಲೆಕ್ಕ ಇಟ್ಟಿದ್ದಾರೆ? ನಾರ್‌ಅಡ್ರಿನಲಿನ್ ಆಂಪೂಲ್ ಮೇಲೆ ಬೈಟಾರ್ಟ್ರೇಟ್ (ಅದರ ಲವಣರೂಪ) 2 ಮಿ.ಗ್ರಾಂ ಅಂತ ಇದ್ದರೆ ಅದರಲ್ಲಿ ನಿಜವಾದ ಔಷಧಿ 1 ಮಿ.ಗ್ರಾಂ. ನಿಮ್ಮ ಐಸಿಯುನಲ್ಲಿ ಯಾವುದನ್ನು ಹಿಡಿದು ಪಂಪ್‌ಗೆ ನಂಬರ್ ಹಾಕುತ್ತಾರೆ ಅಂತ ರಾತ್ರಿ ಡ್ಯೂಟಿಯ ಸಿಸ್ಟರ್ ಹತ್ತಿರ ಕೇಳಿ. ಬೇರೆ ಬೇರೆ ಸಿಸ್ಟರ್ ಬೇರೆ ಬೇರೆ ಹೇಳಿದರೆ ನಿಮಗೆ ಒಂದು ತಿಂಗಳ ಕೆಲಸ ಸಿಕ್ಕಿತು ಅಂತ ತಿಳಿಯಿರಿ. ತಪ್ಪಿ ನೇರ ರಕ್ತಕ್ಕೆ ಹೋದರೆ ಜೀವ ತೆಗೆಯುವ ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲನ್ನು ಸಾದಾ ನೀರಿನ ಆಂಪೂಲ್ ಪಕ್ಕ ಇಟ್ಟಿದ್ದಾರಾ ನೋಡಿ. ಇದನ್ನೆಲ್ಲ ನನಗೆ ಕಲಿಸಿದ್ದು ಕೋಚಿಂಗ್ ಅಲ್ಲ, ಐಸಿಯುನ ಹಿರಿಯ ಸಿಸ್ಟರ್ ಒಬ್ಬರು.

ನಿಜವಾಗಿ ಜಗಳ ಆಡಬೇಕಾದ್ದು ಓದುವ ಸಮಯಕ್ಕಲ್ಲ, ಆಡಿಟ್ ಕೆಲಸ ಕಮ್ಮಿ ಮಾಡಿಸುವುದಕ್ಕೆ. 2021ರ ತಿದ್ದುಪಡಿಯಲ್ಲಿ ಫಾರ್ಮಸಿ ಕೌನ್ಸಿಲ್ 'ಕ್ಲಿನಿಕಲ್ ಫಾರ್ಮಸಿಸ್ಟ್' ಅನ್ನುವ ಹುದ್ದೆಯನ್ನು ನಿಯಮದಲ್ಲೇ ಸೇರಿಸಿದೆ. ನಮ್ಮ ಕಾಲದಲ್ಲಿ ಅದೂ ಇರಲಿಲ್ಲ. ಆ ಕಾಗದ ಹಿಡಿದು ಮೆಡಿಕಲ್ ಸೂಪರಿಂಟೆಂಡೆಂಟ್ ಹತ್ತಿರ ಹೋಗಿ, ದಿನಕ್ಕೆ ನಾಲ್ಕು ಗಂಟೆ ಐಸಿಯುನಲ್ಲೇ ಇರುತ್ತೇನೆ ಅಂತ ಬರೆಸಿಕೊಳ್ಳಿ. ಒಪ್ಪಲಿಲ್ಲ ಅಂದರೆ ಆಗ ಕೆಲಸ ಬಿಡಿ, ಆದರೆ ಓದುವುದಕ್ಕಲ್ಲ, ನಾಲ್ಕು ಗಂಟೆ ಕೊಡುವ ಆಸ್ಪತ್ರೆಗೆ ಸೇರುವುದಕ್ಕೆ. ಸಂಬಳ ಎರಡು ಸಾವಿರ ಕಮ್ಮಿ ಆದರೂ ಪರವಾಗಿಲ್ಲ.

ಒಂದು ನೋಟ್‌ಬುಕ್ ಇಡಿ. ಮೊಬೈಲ್ ಬೇಡ, ಉದ್ದನೆಯ ರೂಲ್ಡ್ ಬುಕ್. ಪೇಷೆಂಟ್ ಹೆಸರು ಬೇಡ, ಬೆಡ್ ನಂಬರ್ ಸಾಕು. ನೀವು ಹೇಳಿದ್ದು ಒಂದು ಕಾಲಂ, ಅವರು ಒಪ್ಪಿದರಾ ಅನ್ನುವುದು ಒಂದು ಕಾಲಂ. ಮೂರನೇ ಕಾಲಂ ಮರುದಿನದ್ದು, ಅದನ್ನು ಮರುದಿನವೇ ತುಂಬಬೇಕು. ಮುಂದೆ ಅರ್ಜಿ ಹಾಕುವಾಗ ಅನುಭವ ತೋರಿಸಲೂ ಅದೇ ಆಗುತ್ತದೆ. ನಿಮ್ಮ ಶನಿವಾರ ಅರ್ಧ ದಿನ ಅಂತ ಬರೆದಿದ್ದೀರಲ್ಲ, ಹೊರಡುವ ಮೊದಲು ಶುಕ್ರವಾರದ ಸಾಲುಗಳ ಮೂರನೇ ಕಾಲಂ ಖಾಲಿ ಇದೆಯಾ ನೋಡಿ. ಖಾಲಿ ಇದ್ದರೆ ಬಸ್ ಒಂದು ಹೋಗಲಿ ಬಿಡಿ.