ಬೆಕ್ಕು ಹೂವಿನ ದಾರ ನುಂಗಿದೆ, ಎಳೆಯಬಹುದಾ?

ಪ್ರಶ್ನೆ: ನಮ್ಮ ಬೆಕ್ಕಿಗೆ ಒಂದೂವರೆ ವರ್ಷ. ಎರಡು ದಿನದಿಂದ ಏನೂ ತಿನ್ನುತ್ತಿಲ್ಲ, ನೀರು ಕುಡಿದರೂ ವಾಂತಿ. ಅದಕ್ಕೂ ಮುಂಚೆ ಹೂ ಕಟ್ಟುವ ದಾರದ ಜೊತೆ ಆಡುತ್ತಿತ್ತು. ಎಕ್ಸ್‌ರೇಯಲ್ಲಿ ದಾರ ಕಾಣಲಿಲ್ಲ. ಇವತ್ತು ಗುದದಿಂದ ದಾರದ ತುದಿ ಹೊರಗೆ ಬಂದಿದೆ. ಎಳೆದು ತೆಗೆಯಬಹುದಾ? ಹರಳೆಣ್ಣೆ ಕುಡಿಸಲಾ?

ಉತ್ತರ: ದಯವಿಟ್ಟು ಎಳೆಯಬೇಡಿ. ಹರಳೆಣ್ಣೆಯೂ ಬೇಡ. ಸ್ಕ್ಯಾನಿಂಗ್, ಆಪರೇಷನ್ ಎರಡೂ ಮಾಡುವ ಪಶು ಆಸ್ಪತ್ರೆಗೆ ಈಗಲೇ ಹೊರಡಿ.

ಬೆಕ್ಕಿನ ನಾಲಗೆಯ ಮುಳ್ಳುಗಳು ಗಂಟಲ ಕಡೆಗೆ ಬಾಗಿರುತ್ತವೆ. ಅದಕ್ಕೆ ಸಿಕ್ಕಿದ ದಾರವನ್ನು ಉಗುಳುವುದು ಕಷ್ಟ, ಅದು ಒಳಗೇ ಹೋಗುತ್ತದೆ. ಒಂದು ತುದಿ ನಾಲಗೆಯ ಬುಡಕ್ಕೆ ಸುತ್ತಿಕೊಳ್ಳುತ್ತದೆ, ಇಲ್ಲವೇ ಜಠರದಿಂದ ಕರುಳಿಗೆ ಇಳಿಯುವ ಕಡೆ ಸಿಕ್ಕಿಕೊಳ್ಳುತ್ತದೆ. ಉಳಿದದ್ದು ಕರುಳಿಗೆ ಇಳಿಯುತ್ತದೆ. ಕರುಳು ಮುಂದಕ್ಕೆ ತಳ್ಳುತ್ತದೆ, ದಾರ ಕದಲುವುದಿಲ್ಲ. ಆಗ ಲಾಡಿ ಎಳೆದ ಪೈಜಾಮದ ಹಾಗೆ ಕರುಳೇ ನೆರಿಗೆ ಕಟ್ಟುತ್ತದೆ, ಬಿಗಿಯಾದ ದಾರ ಅದನ್ನು ಒಳಗಿನಿಂದ ಕೊಯ್ಯುತ್ತದೆ. ನೀವು ಎಳೆದರೆ ತೂತೇ ಆಗಬಹುದು. ಒಳಗಿನ ಹೊಲಸು ಹೊಟ್ಟೆಯೊಳಗೆ ಸೋರಿದರೆ ಜೀವಕ್ಕೇ ಅಪಾಯ.

ಎಕ್ಸ್‌ರೇಯಲ್ಲಿ ಕಾಣಲಿಲ್ಲ ಅಂತ ಸಮಾಧಾನಪಡಬೇಡಿ. ದಾರ ಸಾಮಾನ್ಯವಾಗಿ ಅದರಲ್ಲಿ ಕಾಣುವುದಿಲ್ಲ. ಒಂದೇ ಕಡೆ ಗುಂಪಾಗಿ ಕೂತ ಕರುಳು, ಅದರೊಳಗೆ ಅಲ್ಪವಿರಾಮದ ಆಕಾರದ ಗಾಳಿಗುಳ್ಳೆಗಳು, ಇವೇ ಸುಳಿವು. ಅಲ್ಟ್ರಾಸೌಂಡ್‌ನಲ್ಲಿ ನೆರಿಗೆ ಚೆನ್ನಾಗಿ ಗೊತ್ತಾಗುತ್ತದೆ. ನಾಲಗೆಯ ಅಡಿ ನೋಡಿ ಅಂತ ವೈದ್ಯರಿಗೆ ನೀವೇ ನೆನಪಿಸಿ. ನೋವಿರುವ ಬೆಕ್ಕು ಬಾಯಿ ತೆರೆಯಲು ಬಿಡುವುದಿಲ್ಲ, ಸ್ವಲ್ಪ ಮಂಪರು ಬರಿಸಿಯೇ ನೋಡಬೇಕಾಗಬಹುದು.

ದಾರ ಆಗಷ್ಟೇ ನುಂಗಿ, ಬೆಕ್ಕು ಲವಲವಿಕೆಯಿಂದ ಇದ್ದರೆ ಕೆಲವೊಮ್ಮೆ ನಾಲಗೆಯ ಬಳಿ ಕತ್ತರಿಸಿ, ಆಸ್ಪತ್ರೆಯಲ್ಲೇ ಇಟ್ಟುಕೊಂಡು ಕಾಯುವುದುಂಟು. ನಿಮ್ಮ ಬೆಕ್ಕು ಆ ಹಂತ ದಾಟಿದಂತೆ ಕಾಣುತ್ತದೆ. ವಾಂತಿಯಿಂದ ನೀರು, ಪೊಟ್ಯಾಸಿಯಂ ಕಳೆದುಕೊಂಡಿರುತ್ತದೆ, ಹಾಗಾಗಿ ಮೊದಲು ಡ್ರಿಪ್. ಆಮೇಲೆ ಆಪರೇಷನ್‌ನಲ್ಲಿ ಸಿಕ್ಕಿಕೊಂಡ ತುದಿ ಬಿಡಿಸಿ, ಕರುಳನ್ನು ಒಂದೆರಡು ಕಡೆ ತೆರೆದು ದಾರ ತೆಗೆಯುತ್ತಾರೆ. ಯಾವುದಾದರೂ ಭಾಗ ಸತ್ತಿದ್ದರೆ ಅದನ್ನು ಕತ್ತರಿಸಿ ಉಳಿದದ್ದನ್ನು ಜೋಡಿಸುತ್ತಾರೆ.

ಆಮೇಲೆ ಜಾಸ್ತಿ ಹೊತ್ತು ಉಪವಾಸ ಕೆಡವುವುದು ಒಳ್ಳೆಯದಲ್ಲ. ದಿನಗಟ್ಟಲೆ ತಿನ್ನದ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಸಾಮಾನ್ಯವಾಗಿ ಒಂದು ದಿನದೊಳಗೇ ಸ್ವಲ್ಪ ಸ್ವಲ್ಪ ತಿನ್ನಿಸಲು ಹೇಳುತ್ತಾರೆ. ಹೊಲಿಗೆ ಸೋರುವ ಭಯ ಹೆಚ್ಚಾಗಿ 3ರಿಂದ 5ನೇ ದಿನದವರೆಗೆ. ಆಗ ಮತ್ತೆ ವಾಂತಿ, ಜ್ವರ, ಮಂಕು ಕಂಡರೆ ರಾತ್ರಿಯಾದರೂ ಸರಿ, ಕರೆದುಕೊಂಡು ಹೋಗಿ. ನೋವಿಗೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ.

ಮನೆಯಲ್ಲಿ ಅದೇ ದಾರದ ತುಂಡು ಉಳಿದಿದ್ದರೆ ಜೊತೆಗೆ ತೆಗೆದುಕೊಂಡು ಹೋಗಿ. ಸೂಜಿಯೂ ಕಾಣೆಯಾಗಿದ್ದರೆ ಮೊದಲೇ ಹೇಳಿಬಿಡಿ.